ಖಿಲ್ಜಿ ಬಟ್ಟು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನಿಂತು, ಏಳುನೂರು ವರ್ಷದ ಹಿಂದೆ ದೆಹಲಿ ಆಳಿದ ಅಲಾವುದ್ದೀನ್ ಖಿಲ್ಜಿ ಎಲ್ಲಿ ಸಿಗುತ್ತಾನೆ ಎಂದು ಮೊನ್ನೆ ಮೊನ್ನೆಯವರೆಗೂ ಕೇಳಬಹುದಿತ್ತು. ಯಾರೂ ನಗುತ್ತಿರಲಿಲ್ಲ. ‘ಅಗೋ, ಆ ನೀಲಿ ತಗಡಿನ ಅಂಗಡಿ ಮುಂದೆ ಕೂತವ್ನೆ’ ಎಂದು ಕೈ ತೋರಿಸುತ್ತಿದ್ದರು. ಹೋಗಿ ನೋಡಿದರೆ ಅಲ್ಲಿ ಗಟ್ಟಿ ಮರದ ಸ್ಟೂಲಿನ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟೊಂದು ಕೂತಿರುತ್ತಿತ್ತು. ಅದರ ಹಣೆಗೆ ಕುಂಕುಮ, ಹಿಡಿಗೆ ಒಣಗಿದ ಚೆಂಡುಹೂವು. ಅದರ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡು ಖಾಸಿಂ ಸಾಬರು ಯಾರದೋ ತಕ್ಕಡಿಯ ಹೊಟ್ಟೆ ಬಿಚ್ಚಿ ಕೂತಿರುತ್ತಿದ್ದರು.

ಈಗ ಆ ಬಟ್ಟು ಅಲ್ಲಿಲ್ಲ. ಯಾಕಿಲ್ಲ ಎಂಬುದೇ ಈ ಕತೆ. ಆದರೆ ಮೊದಲು ಸಾಬರ ವಿಚಾರ ಹೇಳಬೇಕು. ಅವರ ವಿಚಾರ ಹೇಳದೆ ಬಟ್ಟಿನ ವಿಚಾರ ಹೇಳಿದರೆ ಒಗ್ಗರಣೆ ಇಲ್ಲದ ಸಾರಿನಂತಾಗುತ್ತದೆ.

ಖಾಸಿಂ ಸಾಬರ ತಂದೆ ಇಮ್ದಾದ್ ಸಾಬರು ತಕ್ಕಡಿ ರಿಪೇರಿಯವರು. ಭುಜಕ್ಕೊಂದು ಚೀಲ ಹಾಕಿಕೊಂಡು ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿ ಎಂದು ಸಂತೆ ಸಂತೆ ತಿರುಗಿ, ಬಾಗಿದ ತಕ್ಕಡಿ ದಂಡ ನೆಟ್ಟಗೆ ಮಾಡಿ, ಸವೆದ ಬಟ್ಟಿಗೆ ಸೀಸ ಕಾಯಿಸಿ ಹುಯ್ದು ಜೀವನ ಮಾಡಿದವರು. ಮಗನನ್ನು ಓದಿಸಬೇಕೆಂದು ಅವರಿಗೆ ಆಸೆ. ಮಗನಿಗೂ ಆಸೆಯೇ, ಗಣಿತಕ್ಕೆ ಮಾತ್ರ ಆಸೆ ಇರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಖಾಸಿಂ ಪಾಸಾದದ್ದು ಎರಡೇ ವಿಷಯ, ಕನ್ನಡ ಮತ್ತು ಸಮಾಜ. ಸಮಾಜ ಪಾಸಾಗಲು ಕಾರಣ ರಂಗನಾಥ್ ಮೇಷ್ಟ್ರು ಒಂದು ದಿನ ಮಾಡಿದ ಪಾಠ.

ಆವತ್ತು ಮೇಷ್ಟ್ರು ಖಿಲ್ಜಿಯ ಆಳ್ವಿಕೆ ಹೇಳುತ್ತಿದ್ದರು. ಯುದ್ಧಗಳು ಬಂದವು, ಹೋದವು. ಖಾಸಿಂ ಆಕಳಿಸುತ್ತ ಕೂತಿದ್ದ. ಆಮೇಲೆ ಸುಲ್ತಾನನ ಮಾರುಕಟ್ಟೆ ಬಂತು. ಗೋಧಿಗೆ ಇಷ್ಟು, ಅಕ್ಕಿಗೆ ಇಷ್ಟು, ಬಟ್ಟೆಗೆ, ಕುದುರೆಗೆ, ಕೊನೆಗೆ ಹೊಲಿಯುವ ಸೂಜಿಗೂ ಇಷ್ಟೇ ಎಂದು ಅವನು ದರ ಕಟ್ಟಿದ. ಮಳೆ ಕೈಕೊಟ್ಟ ವರ್ಷವೂ ದರ ಏರಲಿಲ್ಲವಂತೆ. ಮಂಡಿಯನ್ನು ನೋಡಿಕೊಳ್ಳಲು ಶಹನಾ ಎಂಬ ಅಧಿಕಾರಿ, ಆ ಅಧಿಕಾರಿಯ ಮೇಲೆ ಕಣ್ಣಿಡಲು ಬೇಹಿನವರು. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯ ಮೈಯಿಂದ ಅಷ್ಟೇ ತೂಕದ ಮಾಂಸ ಕೊಯ್ಯುತ್ತಿದ್ದರೆಂದು ಆ ಕಾಲದ ಚರಿತ್ರೆಕಾರ ಬರೆದಿಟ್ಟಿದ್ದಾನೆ. ಖಾಸಿಂ ಬೆಂಚಿನ ಮೇಲೆ ನೆಟ್ಟಗೆ ಕೂತ. ಅಪ್ಪನ ಚೀಲದಲ್ಲಿದ್ದ ಬಟ್ಟುಗಳಿಗೆ ಒಬ್ಬ ಬಾದಶಹನ ಬೆಂಬಲ ಇದೆಯೆಂದು ಅವನಿಗೆ ಆವತ್ತೇ ಗೊತ್ತಾದದ್ದು.

ಅಪ್ಪ ತೀರಿಕೊಂಡ ಮೇಲೆ ಖಾಸಿಂ ಸಾಬರು ಮಾರುಕಟ್ಟೆ ಗೇಟಿನ ಪಕ್ಕ ಅಂಗಡಿ ಹಾಕಿದರು. ಸರ್ಕಾರದ ಲೈಸೆನ್ಸ್ ತೆಗೆದುಕೊಂಡರು. ಕೈ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗ, ಐವತ್ತು ದಾಟಿದ್ದರೂ ಹಠ ಹಿಡಿದು ಅದನ್ನೂ ಕಲಿತರು. ‘ಮುಳ್ಳು ಹೋಗಿ ನಂಬರ್ ಬಂದೈತೆ ಅಷ್ಟೇಯ. ಮನ್ಸ ಹಳೇವ್ನೇ’ ಎನ್ನುತ್ತಿದ್ದರು. ಅವರಿಗೆ ತಮ್ಮ ಕೈಯ ಮೇಲೆ ಅಷ್ಟು ನಂಬಿಕೆ, ಮನುಷ್ಯರ ಮೇಲೆ ಸ್ವಲ್ಪ ಕಡಿಮೆ.

ಅಂಗಡಿ ಹಾಕಿದ ವರ್ಷವೇ ಅವರು ಆ ಇಪ್ಪತ್ತು ಕಿಲೋ ಬಟ್ಟನ್ನು ಸ್ಟೂಲಿನ ಮೇಲೆ ಇಟ್ಟು ಒಂದು ಪದ್ಧತಿ ಮಾಡಿದ್ದರು. ಯಾವ ರೈತನಿಗಾದರೂ ಮಂಡಿಯ ತಕ್ಕಡಿ ಮೇಲೆ ಅನುಮಾನ ಬಂದರೆ ಬಟ್ಟನ್ನು ಹೊತ್ತುಕೊಂಡು ಹೋಗಿ ಅದರ ಮೇಲೆ ಇಟ್ಟು ನೋಡಬಹುದು. ಬಾಡಿಗೆ ಇಲ್ಲ, ಹೇಳಬೇಕಾದ ಕಾರಣವೂ ಇಲ್ಲ. ಇಪ್ಪತ್ತು ತೋರಿಸಿದರೆ ತಕ್ಕಡಿ ಸರಿ. ತೋರಿಸದಿದ್ದರೆ ಆ ಮಂಡಿಯವನ ಮಾನ ಅಲ್ಲೇ ಬೀದಿಗೆ ಬಿತ್ತು. ಜನರೇ ಅದಕ್ಕೆ ಖಿಲ್ಜಿ ಬಟ್ಟು ಎಂದು ಹೆಸರಿಟ್ಟರು, ಯಾಕೆಂದರೆ ಬಟ್ಟು ಕೇಳಲು ಹೋದವರಿಗೆಲ್ಲ ಸಾಬರು ಆ ಮಾಂಸ ಕೊಯ್ಯುವ ಕತೆಯನ್ನು ಬಿಟ್ಟಿಯಾಗಿ ಸೇರಿಸಿ ಕೊಡುತ್ತಿದ್ದರು.

ರಿಟೈರಾದ ರಂಗನಾಥ್ ಮೇಷ್ಟ್ರು ಒಮ್ಮೆ ಅಂಗಡಿ ಮುಂದೆ ನಿಂತು ಕೇಳಿದ್ದರು: ‘ಅಲ್ಲಯ್ಯ ಖಾಸಿಂ, ಇವನ ಸೈನ್ಯ ನಮ್ಮ ಹಳೇಬೀಡಿಂದ ಆನೆಗಟ್ಲೆ ಹೊತ್ಕೊಂಡು ಹೋಯ್ತಲ್ಲ, ಅದನ್ನ ಯಾವ ತಕ್ಕಡೀಲಿ ತೂಗ್ದ?’

‘ಅದು ಲೂಟಿನೇ ಸಾರ್, ಇಲ್ಲ ಅನ್ನಲ್ಲ. ನಾನು ಇಟ್ಕೊಂಡಿರೋದು ಅವನ ತಕ್ಕಡಿ. ಕತ್ತಿ ನನಗೆ ಬ್ಯಾಡ’ ಎಂದಿದ್ದರು ಸಾಬರು. ಮೇಷ್ಟ್ರಿಗೆ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಕೆನ್ನಿಸಿತ್ತು.

ಹೆಂಡತಿ ಫಾಮಿದಾ ಮಾತ್ರ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮನೆಯಲ್ಲಿ ಆಡುವುದು ಉರ್ದುವಾದರೂ ಗಂಡನನ್ನು ಬೈಯುವಾಗ ಕನ್ನಡಕ್ಕೆ ಬರುತ್ತಾರೆ, ಅಕ್ಕಪಕ್ಕದವರಿಗೂ ಅರ್ಥವಾಗಲಿ ಎಂದು. ಅವರು ಮದುವೆಯಾದ ಹೊಸದರಲ್ಲೇ ಕೇಳಿದ್ದರು: ‘ನಿಮ್ಮ ಖಿಲ್ಜಿ ಊರೋರನ್ನೆಲ್ಲ ತೂಗ್ದ, ಸರಿ. ಅವನನ್ನ ತೂಗೋರು ಯಾರಿದ್ರು?’ ಮೂವತ್ತೈದು ವರ್ಷವಾದರೂ ಸಾಬರು ಉತ್ತರ ಕೊಟ್ಟಿರಲಿಲ್ಲ. ಬಾದಶಹನನ್ನು ಯಾರಾದರೂ ತೂಗುತ್ತಾರೆಯೇ ಎಂದು ನಕ್ಕು ಮಾತು ಹಾರಿಸುತ್ತಿದ್ದರು.

ಇನ್ನು ತೆಂಗಿನಕಾಯಿಯ ವಿಚಾರ. ಹಮಾಲಿಗಳ ಮುಖಂಡ ಕೆಂಪಯ್ಯನಿಗೆ ಖಿಲ್ಜಿ ಬಟ್ಟೆಂದರೆ ಭಕ್ತಿ. ಒಂದು ಆಯುಧಪೂಜೆಯ ದಿನ ಅವನು ಅದಕ್ಕೆ ಹೂವಿಟ್ಟು, ಕುಂಕುಮ ಹಚ್ಚಿ, ಕಾಯಿಯನ್ನು ಅದರ ನೆತ್ತಿಗೇ ಕುಟ್ಟಿ ಒಡೆದ. ಕಾಯಿ ಎರಡೇ ಹೋಳಾಗಿ ಅಂದವಾಗಿ ಒಡೆಯಿತು. ಅಲ್ಲಿಂದ ಪ್ರತಿ ಹರಾಜಿನ ದಿನ ಬೆಳಗ್ಗೆ ಮೊದಲ ಮೂಟೆ ಎತ್ತುವ ಮುಂಚೆ ಬಟ್ಟಿನ ಮೇಲೊಂದು ಕಾಯಿ ಬೀಳತೊಡಗಿತು. ಆಯುಧಪೂಜೆಗಂತೂ ಹಮಾಲಿಗೊಂದು ಕಾಯಿ. ಕಾಯಿಗೆ ಬರವಿಲ್ಲದ ಸೀಮೆ, ಕೇಳಬೇಕೇ? ತೂಕದ ಬಟ್ಟಿನ ಮೇಲೆ ಏನನ್ನೂ ಕುಟ್ಟಬಾರದೆಂದು ಸಾಬರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಾನು ಇಟ್ಟ ಬಟ್ಟಿಗೆ ಇಡೀ ಮಾರುಕಟ್ಟೆ ಕಾಯಿ ಒಡೆಯುತ್ತಿದೆ ಎಂಬ ಹೆಮ್ಮೆ ಆ ತಿಳಿವಳಿಕೆಯ ಬಾಯಿ ಮುಚ್ಚಿಸಿತು. ಅಂಗಡಿಯ ಮಿಕ್ಕೆಲ್ಲ ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ತೂಕ-ಅಳತೆ ಇಲಾಖೆಗೆ ಒಯ್ದು ಮುದ್ರೆ ಹಾಕಿಸುತ್ತಿದ್ದವರು ಇದೊಂದನ್ನು ಮಾತ್ರ ಆ ಕೆಲಸಕ್ಕೆ ಸ್ಟೂಲಿನಿಂದ ಇಳಿಸುತ್ತಿರಲಿಲ್ಲ. ಪೂಜೆ ಮಾಡಿಸಿಕೊಳ್ಳುವುದನ್ನು ಮಗುಚಿ ನೋಡುವುದೆಂತು!

ಈ ಸಲದ ಆಯುಧಪೂಜೆ ಮುಗಿದ ಮೂರನೇ ವಾರ. ಹಾಲ್ಕುರಿಕೆಯ ಚಿಕ್ಕಗೌರಮ್ಮ ಎಂಟು ಮೂಟೆ ಕೊಬ್ಬರಿ ತಂದು ವೀರಭದ್ರಯ್ಯನ ಮಂಡಿಗೆ ಹಾಕಿದರು. ವೀರಭದ್ರಯ್ಯ ಐವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಸಣ್ಣ ವ್ಯಾಪಾರಿ. ಅವನ ತಕ್ಕಡಿಯಲ್ಲಿ ಮೂಟೆಗೆ ಅರ್ಧ ಕಿಲೋ ಕಮ್ಮಿ ಬಂತು. ಚಿಕ್ಕಗೌರಮ್ಮ ಮನೆಯಲ್ಲಿ ತೂಗಿದ್ದು ತಿಂಗಳ ಹಿಂದೆ. ಒಣಗುವ ಸರಕು, ತೂಕ ಇಳಿದೇ ಇಳಿಯುತ್ತದೆ. ಆದರೆ ಕೈಗೆ ಬಂದದ್ದು ಕಮ್ಮಿಯಾದಾಗ ಆ ಲೆಕ್ಕ ಯಾರಿಗೆ ಹೊಳೆದೀತು? ಆಕೆ ಸೀದಾ ನೀಲಿ ತಗಡಿನ ಅಂಗಡಿಗೆ ಬಂದರು.

‘ಸಾಬಣ್ಣ, ಖಿಲ್ಜಿನ ಕೊಡಪ್ಪ ಒಂದ್ ಗಳಿಗೆ.’

ಕೆಂಪಯ್ಯ ಬಟ್ಟನ್ನು ಹೆಗಲ ಮೇಲೆ ಹೊತ್ತ. ಹಿಂದೆ ಇಪ್ಪತ್ತು ಜನ ನಡೆದರು, ತಮಾಷೆ ಯಾರಿಗೆ ಬೇಡ. ವೀರಭದ್ರಯ್ಯನ ತಕ್ಕಡಿಯ ಮೇಲೆ ಬಟ್ಟು ಕೂತಿತು. ಕೆಂಪು ಅಂಕಿಗಳು ಮಿಣುಕಿ ನಿಂತವು. ಹತ್ತೊಂಬತ್ತು ಕಿಲೋ ಎಂಟುನೂರ ಹತ್ತು ಗ್ರಾಂ.

‘ನೂರ ತೊಂಬತ್ತು ಗ್ರಾಂ ನುಂಗ್ತೈತೆ ಕಣ್ರಪ್ಪೋ!’ ಎಂದು ಕೆಂಪಯ್ಯ ಕೂಗಿದ.

ಖಾಸಿಂ ಸಾಬರನ್ನು ಕರೆಸಿದರು. ಅವರು ಬರುವಷ್ಟರಲ್ಲಿ ಜನ ಐವತ್ತಾಗಿತ್ತು. ವೀರಭದ್ರಯ್ಯ ಹತ್ತಿರ ಬಂದು ಮೆಲ್ಲಗೆ ಹೇಳಿದ: ‘ಸಾಬ್ರೇ, ಹೋದ ತಿಂಗಳು ನೀವೇ ನೋಡಿಕೊಟ್ಟ ತಕ್ಕಡಿ ಇದು. ಒಂದ್ಸಲ ಬಟ್ಟನ್ನೂ ನೋಡ್ಬುಡಿ.’

‘ನನ್ನ ಬಟ್ಟಲ್ಲಿ ನೋಡೋ ಅಂಥದ್ದು ಏನೂ ಇಲ್ಲ ವೀರಭದ್ರಣ್ಣ. ನಿಮ್ಮ ತಕ್ಕಡಿ ನೋಡನ’ ಎಂದರು ಸಾಬರು. ಅಂದದ್ದಷ್ಟೇ ಅಲ್ಲ, ತಕ್ಕಡಿ ಬಿಚ್ಚುತ್ತ ಕತೆಯನ್ನೂ ಶುರು ಮಾಡಿದರು. ‘ದೆಹಲೀಲಿ ಖಿಲ್ಜಿ ಅಂತ ಒಬ್ಬ ಇದ್ದ. ಇಂಥ ವ್ಯಾಪಾರಿ ಸಿಕ್ರೆ ನೂರ ತೊಂಬತ್ತು ಗ್ರಾಂ ಮಾಂಸ ಅವನ ತೊಡೆಯಿಂದ್ಲೇ ಕುಯ್ದು ತಕ್ಕಡಿಗೆ ಹಾಕ್ತಿದ್ದ...’ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವೀರಭದ್ರಯ್ಯ ಕೈ ಕಟ್ಟಿಕೊಂಡು ನಿಂತಿದ್ದ. ಸಾಬರು ಖಿಲ್ಜಿ ಬಟ್ಟನ್ನು ಇಟ್ಟು, ತಕ್ಕಡಿ ಇಪ್ಪತ್ತು ತೋರಿಸುವ ಹಾಗೆ ತಿದ್ದಿಕೊಟ್ಟು, ಸುಲ್ತಾನನ ಗತ್ತಿನಲ್ಲೇ ಅಂಗಡಿಗೆ ವಾಪಸಾದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ವೀರಭದ್ರಯ್ಯನ ಮಂಡಿಗೆ ಬರುವ ರೈತರು ಅರ್ಧಕ್ಕರ್ಧ ನಿಂತುಹೋದರು. ಖಿಲ್ಜಿ ಬಟ್ಟಿಗೆ ಬೀಳುವ ಕಾಯಿ ಎರಡಾಯಿತು.

ಇಪ್ಪತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಫಾಮಿದಾ ಬುತ್ತಿ ತಂದರು. ಅನ್ನದ ಡಬ್ಬಿ ಇಡಲು ಹೋದವರು ಸ್ಟೂಲಿನ ಕಾಲಿನ ಕಡೆ ನೋಡಿ, ‘ರೀ, ಇರುವೆ ನೋಡಿ’ ಎಂದರು. ಕೆಂಪಿರುವೆಗಳ ಸಾಲೊಂದು ಕಾಲು ಹತ್ತಿ, ಹಲಗೆ ದಾಟಿ, ಬಟ್ಟಿನ ಕೆಳಗೆ ನುಗ್ಗುತ್ತಿತ್ತು. ಕಬ್ಬಿಣದ ಕೆಳಗೆ ಇರುವೆಗೆ ಏನು ಕೆಲಸ? ಸಾಬರು ಬಟ್ಟನ್ನು ಎತ್ತಿ ಮಗುಚಿದರು.

ತಳದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ಗುಳಿ. ಬಟ್ಟು ಎರಕ ಹುಯ್ಯುವಾಗಲೇ ಆ ಗುಳಿ ಬಿಟ್ಟಿರುತ್ತಾರೆ. ಅದರೊಳಗೆ ಸೀಸ ತುಂಬಿ ತೂಕ ಸರಿದೂಗಿಸಿ, ಸೀಸದ ಮೇಲೆ ಸರ್ಕಾರ ಮುದ್ರೆ ಒತ್ತುತ್ತದೆ. ಈಗ ಸೀಸವೂ ಇರಲಿಲ್ಲ, ಮುದ್ರೆಯೂ ಇರಲಿಲ್ಲ. ಇದ್ದದ್ದು ಕಾಯಿ ನೀರಿನ ಅಂಟು, ಚೂರುಪಾರು ಕಾಯಿ, ಅದಕ್ಕೆ ಮುತ್ತಿದ ಇರುವೆ.

ಸಾಬರು ಮುದ್ರೆಯಿದ್ದ ಐದು ಕಿಲೋದ ನಾಲ್ಕು ಬಟ್ಟು ತೆಗೆದು ತಮ್ಮ ತಕ್ಕಡಿಗೆ ಹಾಕಿದರು. ಇಪ್ಪತ್ತು. ಅವನ್ನಿಳಿಸಿ ಖಿಲ್ಜಿಯನ್ನು ಇಟ್ಟರು. ಹತ್ತೊಂಬತ್ತು, ಎಂಟುನೂರ ಹತ್ತು. ವೀರಭದ್ರಯ್ಯನ ತಕ್ಕಡಿ ಆವತ್ತು ಹೇಳಿದ್ದು ಸತ್ಯ, ಅಪ್ಪಟ ಸತ್ಯ. ಸುಳ್ಳು ಹೇಳಿದ್ದು ಕುಂಕುಮ ಹಚ್ಚಿಕೊಂಡು ಕೂತಿದ್ದ ಬಟ್ಟು, ಅದರ ಪರವಾಗಿ ಸಾಕ್ಷಿ ನುಡಿದ ಖಾಸಿಂ.

ಕೆಂಪಯ್ಯನನ್ನು ಕರೆದು ಕೇಳಿದರು. ಅವನು ತಲೆ ಕೆರೆದುಕೊಂಡ. ‘ಆಯುಧಪೂಜೆ ದಿನ ಕಾಯಿ ಒಡೆದಾದ್ಮೇಲೆ ಒರೆಸಕ್ಕೆ ಅಂತ ಬಟ್ಟು ಎತ್ತಿದಾಗ ಕೆಳಗೆ ಕಪ್ಪಗೆ ಏನೋ ಬಿದ್ದಿತ್ತು ಸಾಬ್ರೇ. ಹೂವಿನ್ ಜೊತೆ ಗುಡ್ಸಿ ಹಾಕ್ಬುಟ್ಟೆ. ಯಾಕೆ?’

‘ಏನಿಲ್ಲ, ಹೋಗಪ್ಪ’ ಎಂದರು. ಆಯುಧಪೂಜೆಯಿಂದೀಚೆಗೆ ಬಟ್ಟು ಹೋಗಿದ್ದು ಒಂದೇ ಮಂಡಿಗೆ ಎಂಬುದು ನೆನಪಾಗಿ ಅರೆಕ್ಷಣ ಸಮಾಧಾನವಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು. ಸರಿಯಾಗಿದ್ದ ತಕ್ಕಡಿಯನ್ನು ಅವರು ಈ ಕೊರೆ ಬಟ್ಟಿಟ್ಟು ತಿದ್ದಿದ್ದರು. ಅಂದರೆ ಅದೀಗ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿತ್ತು; ಇಪ್ಪತ್ತು ದಿನದಿಂದ ವೀರಭದ್ರಯ್ಯ ಕೊಂಡ ಪ್ರತಿ ಕ್ವಿಂಟಲಿಗೂ ಹೆಚ್ಚುಕಡಿಮೆ ಒಂದು ಕಿಲೋ ಇಲ್ಲದ ಕೊಬ್ಬರಿಗೆ ದುಡ್ಡು ಕೊಡುತ್ತಿದ್ದ. ಮಾನವೂ ಹೋಯಿತು, ಮಾಲೂ ಹೋಯಿತು. ಮಾರುವಾಗ ತೂಕ ಇಳಿದದ್ದನ್ನು ಕಂಡರೂ ಒಣಗಿರಬೇಕೆಂದು ಸುಮ್ಮನಾಗಿದ್ದಾನು ಪಾಪ.

ಸೀಸ ಅಂಗಡಿಯಲ್ಲೇ ಇತ್ತು. ಒಲೆ ಇತ್ತು, ಸೌಟು ಇತ್ತು. ಹತ್ತು ನಿಮಿಷದ ಕೆಲಸ. ವೀರಭದ್ರಯ್ಯನ ತಕ್ಕಡಿಯನ್ನು ಯಾವುದೋ ನೆಪ ಹೇಳಿ ತರಿಸಿ ಸದ್ದಿಲ್ಲದೆ ಸರಿ ಮಾಡಿಕೊಟ್ಟರೆ ಮುಗಿಯಿತು, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಖಾಸಿಂ ಸಾಬರ ಕೈ ಸೌಟಿನ ಮೇಲೆ ಹೋಯಿತು. ಇದನ್ನು ಮುಚ್ಚಿಟ್ಟು ಹೇಳಿದರೆ ಕತೆಯೂ ಕೊರೆ ತೂಕದ್ದಾಗುತ್ತದೆ, ಕೈ ಹೋಗಿದ್ದು ನಿಜ. ನಲವತ್ತು ವರ್ಷ ಗಳಿಸಿದ ಹೆಸರು, ಯಾರಿಗೆ ತಾನೇ ಆಸೆ ಇರುವುದಿಲ್ಲ?

ಫಾಮಿದಾ ನೋಡುತ್ತ ನಿಂತಿದ್ದರು. ‘ಮೂವತ್ತೈದು ವರ್ಷದಿಂದ ಒಂದು ಮಾತು ಕೇಳ್ತಿದ್ದೆ ನಿಮ್ಮನ್ನ’ ಎಂದರು, ಕನ್ನಡದಲ್ಲೇ. ಆದರೆ ಈ ಸಲ ಬೈಗುಳದ ದನಿ ಇರಲಿಲ್ಲ.

ಸಾಬರು ಸೌಟು ಕೆಳಗಿಟ್ಟರು. ಆವತ್ತು ಬುತ್ತಿ ಹಾಗೇ ಮನೆಗೆ ಹೋಯಿತು.

ಮಾರನೆಯ ದಿನ ಹರಾಜು. ಮಾರುಕಟ್ಟೆ ತುಂಬಿ ಗಿಜಿಗುಡುತ್ತಿತ್ತು. ಕಾಯಿ ಹಿಡಿದು ಬಂದ ಕೆಂಪಯ್ಯನನ್ನು ತಡೆದು, ‘ಇವತ್ತು ಒಡೀಬ್ಯಾಡ, ಬಟ್ಟು ಹೊತ್ಕೋ’ ಎಂದರು ಸಾಬರು. ಮುದ್ರೆಯಿದ್ದ ನಾಲ್ಕು ಬಟ್ಟುಗಳನ್ನು ತಾವೇ ಚೀಲಕ್ಕೆ ಹಾಕಿಕೊಂಡು ಹೆಗಲಿಗೇರಿಸಿದರು. ಅಪ್ಪ ಸಂತೆಗೆ ಹೊರಡುತ್ತಿದ್ದ ಹಾಗೇ. ಖಿಲ್ಜಿ ಮತ್ತೆ ಹೊರಟಿದೆ ಎಂಬ ಸುದ್ದಿಗೆ ಜನ ಹಿಂದೆ ಬಿದ್ದರು. ಅದು ವೀರಭದ್ರಯ್ಯನ ಮಂಡಿಯ ಕಡೆಗೇ ತಿರುಗಿದಾಗ ‘ಮತ್ತೆ ಸಿಕ್ಕಾಕ್ಕೊಂಡ’ ಎಂದು ಯಾರೋ ನಕ್ಕರು. ವೀರಭದ್ರಯ್ಯ ಎದ್ದು ನಿಂತ. ಮಾರಲು ಬಂದಿದ್ದ ಚಿಕ್ಕಗೌರಮ್ಮನೂ ಗುಂಪಿನ ಮುಂದೆ ಬಂದು ನಿಂತರು.

ಸಾಬರು ಖಿಲ್ಜಿ ಬಟ್ಟನ್ನು ನೆಲದ ಮೇಲೆ ಅಂಗಾತ ಮಲಗಿಸಿದರು. ಅದರ ತಳವನ್ನು ಅಷ್ಟು ಜನರಲ್ಲಿ ಒಬ್ಬರೂ ಈವರೆಗೆ ನೋಡಿರಲಿಲ್ಲ.

‘ಎಲ್ರೂ ನೋಡ್ಕಳ್ಳಿ. ಇದರ ಸೀಸ ಬಿದ್ದೋಗಿ ತಿಂಗಳ ಮೇಲಾಯ್ತು. ನೂರ ತೊಂಬತ್ತು ಗ್ರಾಂ ಕಮ್ಮಿ ಇದ್ದಿದ್ದು ವೀರಭದ್ರಣ್ಣನ ತಕ್ಕಡಿ ಅಲ್ಲ. ನಾನು. ನೋಡಿ ಅಂತ ಅವರು ಬಾಯ್ಬಿಟ್ಟು ಕೇಳಿದ್ರೂ ನೋಡ್ಲಿಲ್ಲ. ಸರಿ ಇದ್ದ ತಕ್ಕಡೀನ ಕೆಡಿಸಿ ಹೋದೋನೂ ನಾನೇ. ಅದಕ್ಕೆ ಹೋದ ಮಾಲು ನನ್ನ ಜವಾಬ್ದಾರಿ.’

ಸಾಬರು ಅಲ್ಲೇ ಕೂತು, ನಾಲ್ಕು ಬಟ್ಟುಗಳನ್ನಿಟ್ಟು ತಕ್ಕಡಿ ಸರಿಪಡಿಸಿದರು. ಕೆಲಸ ಮುಗಿಸಿ ಎದ್ದು ನಿಂತು, ‘ಏನ್ ಶಿಕ್ಷೆ ಅಂತ ನೀವೇ ಹೇಳಿ ವೀರಭದ್ರಣ್ಣ’ ಎಂದರು.

ವೀರಭದ್ರಯ್ಯ ಬಗ್ಗಿ ಬಟ್ಟಿನ ಗುಳಿಗೆ ಬೆರಳಿಟ್ಟು ನೋಡಿದ. ‘ಮಾಲಿನ ಮಾತು ಬುಡಿ ಸಾಬ್ರೇ. ನನ್ನ ಮಗಳು ಪವಿತ್ರಾ ಈ ಗೇಟಿನ ಮುಂದೇ ಕಾಲೇಜಿಗೆ ಹೋಗ್ತಾಳೆ. ಇಪ್ಪತ್ತು ದಿನದಿಂದ ಊರೆಲ್ಲ ಬಳಸಿ ಆ ಕಡೆ ರಸ್ತೇಲಿ ಹೋಗ್ತಾವ್ಳೆ. ಅದನ್ನ ಯಾವ ಬಟ್ಟಲ್ಲಿ ತೂಗ್ತೀರ?’

ಖಾಸಿಂ ಸಾಬರಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

‘ಆವತ್ತು ಒಂದು ಕತೆ ಹೇಳಿದ್ರಲ್ಲ’ ಎಂದ ವೀರಭದ್ರಯ್ಯ. ‘ಅದನ್ನ ಇನ್ನೊಂದ್ಸಲ ಹೇಳಿ. ಅಷ್ಟೇ ಜೋರಾಗಿ ಹೇಳ್ಬೇಕು. ವ್ಯಾಪಾರಿ ಅಂತ ಬರ್ತದಲ್ಲ, ಅಲ್ಲಿ ನಿಮ್ಮ ಹೆಸರು ಹಾಕಿ ಹೇಳಿ. ಅಷ್ಟು ಸಾಕು ನಂಗೆ.’

ಸಾಬರು ಟೋಪಿ ಸರಿಮಾಡಿಕೊಂಡರು. ಹರಾಜು ಕೂಗುವ ಕಟ್ಟೆ ಹತ್ತಿದರು. ‘ದೆಹಲೀಲಿ ಖಿಲ್ಜಿ ಅಂತ ಒಬ್ಬ ಇದ್ದ’ ಎಂದು ಆರಂಭಿಸಿದರು. ದನಿ ಗೇಟಿನಾಚೆಯ ಬಸ್ಸಿನವರಿಗೂ ಕೇಳುವ ಹಾಗಿತ್ತು. ಒಂದು ಮಾತನ್ನೂ ನುಂಗಲಿಲ್ಲ. ದರ ಹೇಳಿದರು, ಶಹನಾನನ್ನು ಹೇಳಿದರು, ಬೇಹಿನವರನ್ನು ಹೇಳಿದರು. ‘ತಿಪಟೂರಲ್ಲಿ ಖಾಸಿಂ ಅಂತ ಒಬ್ಬ ಇದ್ದ. ಊರೋರ ತಕ್ಕಡೀನೆಲ್ಲ ನೋಡ್ತಿದ್ದ, ತನ್ನ ಬಟ್ಟು ನೋಡ್ಕೊಳ್ತಿರಲಿಲ್ಲ. ಖಿಲ್ಜಿ ಆಳುಗಳು ಬಂದ್ರು, ಖಾಸಿಂನ ಹಿಡಿದ್ರು. ನೂರ ತೊಂಬತ್ತು ಗ್ರಾಂ ಕಮ್ಮಿ ಅಂತ ಅವನ ತೊಡೆಗೆ ಚೂರಿ ಇಟ್ಟು...’

ಈ ಸಲ ಯಾರೂ ನಗಲಿಲ್ಲ. ಚಿಕ್ಕಗೌರಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಿದ್ದರು.

‘ಸಾಕು ಇಳೀರಿ ಸಾಬ್ರೇ’ ಎಂದು ವೀರಭದ್ರಯ್ಯನೇ ಕಟ್ಟೆಯ ಹತ್ತಿರ ಬಂದು ಕೈ ಚಾಚಿದ. ‘ನಾವು ಸೊಪ್ಪುಸದೆ ತಿನ್ನೋ ಜನ. ನಿಮ್ಮ ಮಾಂಸ ತಗೊಂಡು ಏನ್ ಮಾಡನ?’

ಆಗ ನಗು ಬಂತು ನೋಡಿ, ಇಡೀ ಮಾರುಕಟ್ಟೆಗೆ. ಚಿಕ್ಕಗೌರಮ್ಮ ಅಲ್ಲೇ ನಿಂತು ತಮ್ಮ ಮೂಟೆಗಳನ್ನು ವೀರಭದ್ರಯ್ಯನ ತಕ್ಕಡಿಗೇ ಹಾಕಿಸಿದರು, ಎಷ್ಟು ತೋರಿಸಿತೆಂದು ಕೇಳಲೂ ಇಲ್ಲ. ಅದೇ ವಾರ ಪವಿತ್ರಾ ಮತ್ತೆ ಗೇಟಿನ ಮುಂದೆಯೇ ಕಾಲೇಜಿಗೆ ಹೋಗುವುದನ್ನು ಖಾಸಿಂ ಸಾಬರು ಅಂಗಡಿಯಿಂದ ನೋಡಿದರು. ಆ ಮಗು ಇವರ ಕಡೆ ತಿರುಗಲಿಲ್ಲ. ತಿರುಗಬೇಕೆಂದು ಕೇಳುವ ಹಕ್ಕು ತನಗಿಲ್ಲವೆಂದು ಇವರಿಗೂ ಗೊತ್ತಿತ್ತು.

ಬಟ್ಟಿಗೆ ಹೊಸ ಸೀಸ ಬಿತ್ತು, ಹೊಸ ಮುದ್ರೆ ಬಿತ್ತು. ಕಾಯಿ ಈಗ ಕಟ್ಟೆಯ ಕಲ್ಲಿನ ಮೇಲೆ ಒಡೆಯುತ್ತದೆ. ಸಾಬರು ಬಟ್ಟನ್ನು ತಾವೇ ಹೊತ್ತುಕೊಂಡು ಹೋಗಿ ವೀರಭದ್ರಯ್ಯನ ಮಂಡಿಯ ಬಾಗಿಲಲ್ಲಿ ಇಟ್ಟು ಬಂದಿದ್ದಾರೆ. ಯಾರಿಗೆ ಬೇಕೋ ಅವರು ಅಲ್ಲಿಂದ ಒಯ್ಯಬೇಕು, ಅವನ ಕೈಯಿಂದ. ಒಂದೇ ಷರತ್ತು ಹಾಕಿದ್ದಾರೆ: ಪ್ರತಿ ಹರಾಜಿನ ದಿನ ಅದು ಮೊದಲು ಬರಬೇಕಾದದ್ದು ನೀಲಿ ತಗಡಿನ ಅಂಗಡಿಗೆ. ಆ ಅಂಗಡಿಯ ತಕ್ಕಡಿ ಸರಿಯೆಂದು ತೋರಿದ ಮೇಲೆಯೇ ಸಾಬರು ಬೇರೆಯವರ ತಕ್ಕಡಿ ಮುಟ್ಟುತ್ತಾರೆ. ಕತೆಯನ್ನೂ ಬಿಟ್ಟಿಲ್ಲ. ಈಗಲೂ ಅದೇ ಗತ್ತು, ಅದೇ ದನಿ. ಆದರೆ ವ್ಯಾಪಾರಿಯ ಜಾಗದಲ್ಲಿರುವ ಹೆಸರನ್ನು ಮತ್ತೆ ಬದಲಾಯಿಸಿಲ್ಲ.

ಮೊನ್ನೆ ಬುತ್ತಿ ಬಿಚ್ಚುತ್ತ ಫಾಮಿದಾ ಹಳೆಯ ಪ್ರಶ್ನೆಯನ್ನೇ ಕೆದಕಿದರು: ‘ಅದಿರಲಿ, ಖಿಲ್ಜಿನ ತೂಗೋರು ಯಾರು ಅಂತ ನೀವು ಹೇಳ್ಲೇ ಇಲ್ಲ.’

ಖಾಸಿಂ ಸಾಬರು ರೊಟ್ಟಿ ಮುರಿಯುತ್ತ ಹೇಳಿದರು: ‘ದೆಹಲೀಲಿ ಯಾರೂ ಇರಲಿಲ್ಲ ಕಣೇ. ತಿಪಟೂರಲ್ಲಿ ವೀರಭದ್ರಯ್ಯ ಅಂತ ಒಬ್ಬರವ್ರೆ.’